ಕಿವಿಯಿಂದ ತುರುಬಿಗೆ ಒಂದು ಗೇಣು

ಭಾಮಾಬಾಯಿ ಅಳವಂಡಿಯವರ ಬಲಗೈ ಆಷಾಢದ ಒಂದು ಮಂಗಳವಾರ ಬೆಳಿಗ್ಗೆ ಏಳೂಕಾಲಕ್ಕೆ ಕಿವಿಯ ಮಟ್ಟದಲ್ಲಿ ನಿಂತುಬಿಟ್ಟಿತು. ಅದಕ್ಕೂ ಹಿಂದಿನ ನಲವತ್ತು ವರ್ಷ ಅದೇ ಕೈ ಅದೇ ಹೊತ್ತಿಗೆ ಕಿವಿಯನ್ನು ದಾಟಿ, ಕತ್ತಿನ ಹಿಂಭಾಗಕ್ಕೆ ಹೋಗಿ, ಅಲ್ಲಿ ಎಡಗೈಯನ್ನು ಭೇಟಿಯಾಗಿ, ಸೊಂಟ ಮುಟ್ಟುವ ಕೂದಲನ್ನು ಮೂರು ಸುತ್ತು ಸುತ್ತಿ, ಐದು ಪಿನ್ನು ಚುಚ್ಚಿ, ಏನೂ ಆಗದವರಂತೆ ಚಹಾದ ಕಪ್ಪಿಗೆ ವಾಪಸು ಬರುತ್ತಿತ್ತು. ಅಂದು ಎಡಗೈ ಮಾತ್ರ ಹೋಗಿ, ಜೊತೆಗಾರ ಬಾರದ್ದನ್ನು ಕಂಡು, ಕೂದಲು ಹಿಡಿದುಕೊಂಡು ಸುಮ್ಮನೆ ನಿಂತಿತ್ತು.

ನ್ಯಾಯವಾಗಿ ಹೇಳಬೇಕೆಂದರೆ ಬಲಭುಜ ಎರಡು ತಿಂಗಳಿಂದ ಅರ್ಜಿ ಕೊಡುತ್ತಲೇ ಇತ್ತು. ಮೇಲಿನ ಶೆಲ್ಫಿನ ಡಬ್ಬಿ ಇಳಿಸುವಾಗ ಒಂದು ಅರ್ಜಿ, ಬಸ್ಸಿನಲ್ಲಿ ಮೇಲಿನ ಸರಳು ಹಿಡಿಯುವಾಗ ಇನ್ನೊಂದು. ಆದರೆ ಭಾಮಾಬಾಯಿ ಪುಣೆಯ ಕೋಥರೂಡದ ಒಂದು ಶಾಲೆಯ ಕಚೇರಿಯಲ್ಲಿ ಹೆಡ್ ಕ್ಲರ್ಕ್. ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಅರ್ಜಿಗಳನ್ನು ಫೈಲಿಗೆ ಸೇರಿಸಿ ಮರೆಯುವ ವಿದ್ಯೆಯಲ್ಲಿ ಅವರನ್ನು ಮೀರಿಸುವವರು ಆ ಶಾಲೆಯಲ್ಲಿರಲಿಲ್ಲ. ಕೊನೆಗೆ ಭುಜವೇ ಮುಷ್ಕರ ಹೂಡಿತು.

ಡಾಕ್ಟರು ಎಕ್ಸ್‌ರೇ ತೆಗೆಸಿದರು, ಸಕ್ಕರೆ ಕಾಯಿಲೆ ಇದೆಯೋ ಎಂದು ರಕ್ತ ತೆಗೆಸಿದರು, ಎರಡರಲ್ಲೂ ಏನೂ ಸಿಗದೆ ಸ್ವಲ್ಪ ನಿರಾಶರಾಗಿ, "ಫ್ರೋಜನ್ ಶೋಲ್ಡರ್" ಎಂದರು. ಭಾಮಾಬಾಯಿಗೆ ಶಾಪಿಂಗ್ ಮಾಲಿನ ಫ್ರೀಜರಿನಲ್ಲಿ ಮಲಗಿರುವ ಹಸಿರು ಬಟಾಣಿಯ ಪೊಟ್ಟಣ ನೆನಪಾಯಿತು. ಅಂಥದೊಂದು ಪೊಟ್ಟಣ ತನ್ನ ಹೆಗಲೊಳಗೆ ಸೇರಿಕೊಂಡಿದೆ ಎಂದು ತಿಳಿದು ಮನೆಗೆ ಬಂದರು. ವ್ಯಾಯಾಮ ಮಾಡಿದರೆ ಬಿಡುತ್ತದೆ, ತಡವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಯಾವ ವ್ಯಾಯಾಮ ಎಂದು ಹೇಳುವಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದಾಗಿತ್ತು.

ಮೂಳೆ ಮುರಿಯದಿದ್ದರೂ ಮರ್ಯಾದೆ ಮುರಿಯುವ ಕಾಯಿಲೆ ಇದು. ತೂಕ ಎತ್ತಬಹುದು, ಬರೆಯಬಹುದು, ಚಪಾತಿ ಲಟ್ಟಿಸಬಹುದು. ಆದರೆ ತನ್ನ ಬೆನ್ನನ್ನು ತಾನು ತಲುಪಲಾಗದು. ಬೇರೆ ಮನೆಗಳಲ್ಲಿ ಅದಕ್ಕೊಂದು ಸುಲಭ ಉಪಾಯವಿದೆ: ಯಾರನ್ನಾದರೂ ಕರೆಯುವುದು. ಭಾಮಾಬಾಯಿಯ ಮೂರನೇ ಮಹಡಿಯ ಮನೆಯಲ್ಲಿ ಕರೆದರೆ ಬರುವವರು ಯಾರೂ ಇರಲಿಲ್ಲ.

ಇದ್ದರು, ಮೊದಲು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಭಾಮಾಬಾಯಿ ಅಣ್ಣ ಮತ್ತು ವೈನಿಯ ಜೊತೆ ಧಾರವಾಡದಿಂದ ಪುಣೆಗೆ ಬಂದವರು. ಅಣ್ಣನ ಹೆಂಡತಿಯನ್ನು ಆ ಕಡೆ ವೈನಿ ಎನ್ನುತ್ತಾರೆ. ಈ ವೈನಿಯ ಹೆಸರು ವರದಾ. ಭಾಮಾಬಾಯಿಗೆ ಮದುವೆಯ ಪ್ರಸ್ತಾಪಗಳು ಬಂದವು, ಉಪ್ಪಿಟ್ಟು ತಿಂದವು, ಹೋದವು. ವೈನಿಗೆ ಮಕ್ಕಳಾಗಲಿಲ್ಲ. ಅಣ್ಣ ತೀರಿಕೊಂಡ ಮೇಲೆ ಇಬ್ಬರು ಹೆಂಗಸರೇ ಉಳಿದು, ಪ್ರತಿ ಭಾನುವಾರ ಒಬ್ಬರ ತಲೆಗೆ ಒಬ್ಬರು ಎಣ್ಣೆ ಹಾಕುತ್ತ, ಉಳಿದ ಆರು ದಿನ ಜಗಳವಾಡುತ್ತ, ಸುಖವಾಗಿದ್ದರು. ಭಾಮಾಬಾಯಿ ದಿನಾ ತುರುಬು ಕಟ್ಟಿಕೊಂಡು ಶಾಲೆಗೆ ಹೊರಟಾಗ ಅಡುಗೆಮನೆಯಿಂದ ತಪ್ಪದೆ ಒಂದು ತೀರ್ಪು ಬರುತ್ತಿತ್ತು:

"ಭಾಮಿ, ಸೊಟ್ಟ ಆಗ್ಯದ. ಈ ಕಡೆ ಬಾ."

"ಆಗವಲ್ತ್ಯಾಕ. ನನ್ನ ತಲೀನ ಸೊಟ್ಟ ಅದ."

"ಅದು ಗೊತ್ತದ ನನಗ. ಬಾ."

ಎರಡು ಬೆರಳು ಬಂದು ಪಿನ್ನೊಂದನ್ನು ಎಳೆದು, ತುರುಬನ್ನು ಅರ್ಧ ಅಂಗುಲ ಸರಿಸಿ, ಪಿನ್ನನ್ನು ಮತ್ತೆ ಚುಚ್ಚುತ್ತಿದ್ದವು. ನಾಲ್ಕು ವರ್ಷದ ಹಿಂದೆ ವರದಾ ವೈನಿ ಒಂದು ವಾರದ ಜ್ವರದಲ್ಲಿ ಹೋದರು. ಅವರ ಸೀರೆಗಳನ್ನು ಭಾಮಾಬಾಯಿ ಹಂಚಿದರು, ಔಷಧಿಗಳನ್ನು ಎಸೆದರು. ಕಂದು ಬಣ್ಣದ ಚಪ್ಪಲಿ ಮಾತ್ರ ಬಾಗಿಲ ಹೊರಗೇ ಉಳಿಯಿತು.

ಇದನ್ನು ಯಾರೂ ದುಃಖ ಎಂದು ತಿಳಿಯಬಾರದು. ಇದು ಭದ್ರತಾ ವ್ಯವಸ್ಥೆ. ಮನೆಯಲ್ಲಿ ಹೆಂಗಸೊಬ್ಬಳೇ ಇದ್ದಾಳೆ ಎಂಬ ಸುದ್ದಿ ಗ್ಯಾಸಿನವನಿಗೆ, ನೀರಿನ ಫಿಲ್ಟರ್ ಮಾರುವವನಿಗೆ, ಕೊರಿಯರಿನವನಿಗೆ ತಿಳಿಯುವುದು ಒಳ್ಳೆಯದಲ್ಲ. ಆದ್ದರಿಂದ ಯಾರು ಬೆಲ್ ಒತ್ತಿದರೂ ಭಾಮಾಬಾಯಿ ಬಾಗಿಲನ್ನು ಮೂರು ಬೆರಳಿನಷ್ಟು ತೆರೆದು, ವೈನಿ ಒಳಗೆ ಮಲಗಿದ್ದಾರೆ, ಮೆತ್ತಗೆ ಮಾತಾಡಿ ಎಂದು ಮರಾಠಿಯಲ್ಲಿ ಗದರುತ್ತಿದ್ದರು. ಚಪ್ಪಲಿ ಸಾಕ್ಷಿ ಹೇಳುತ್ತಿತ್ತು. ಒಂದೇ ದಿಕ್ಕಿಗೆ ಮುಖ ಮಾಡಿ ವರ್ಷಗಟ್ಟಲೆ ನಿಂತ ಚಪ್ಪಲಿಯನ್ನು ಯಾವ ಕಳ್ಳನೂ ನಂಬುವುದಿಲ್ಲವಾದ್ದರಿಂದ, ಪ್ರತಿ ಭಾನುವಾರ ಅದನ್ನು ಬೇರೆ ದಿಕ್ಕಿಗೆ ತಿರುಗಿಸಿಡುವುದೂ ಆಗುತ್ತಿತ್ತು. ಹೀಗೆ ವರದಾ ವೈನಿ ತೀರಿಕೊಂಡ ಮೇಲೂ ವಾರಕ್ಕೊಮ್ಮೆ ಹೊರಗೆ ಹೋಗಿ ಬರುತ್ತಿದ್ದರು.

ತುರುಬು ಹೋದ ಮೇಲೆ ಭಾಮಾಬಾಯಿ ಪುಣೆಯ ಹೆಂಗಸರ ಮಹಾಕವಚವಾದ ಸ್ಕಾರ್ಫಿಗೆ ಶರಣಾದರು. ಸ್ಕೂಟರಿನ ಹುಡುಗಿಯರು ಕಣ್ಣು ಬಿಟ್ಟು ಉಳಿದದ್ದೆಲ್ಲ ಸುತ್ತಿಕೊಳ್ಳುವ ಊರಿನಲ್ಲಿ ಸ್ಕಾರ್ಫಿನೊಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಒಳಗೆ ಇದ್ದದ್ದು ಎಡಗೈ ಒಂದೇ ಕಷ್ಟಪಟ್ಟು ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ಸಿಕ್ಕಿಸಿದ ಒಂದು ಗೂಡು. ಅದನ್ನು ಮೊದಲು ಪತ್ತೆಹಚ್ಚಿದವಳು ಕಟ್ಟಡದ ಕೆಳಗೆ ಬ್ಯೂಟಿ ಪಾರ್ಲರ್ ಇಟ್ಟಿದ್ದ ಹುಬ್ಬಳ್ಳಿ ಕಡೆಯ ರೇಣು.

"ಆಂಟಿ, ಇಷ್ಟ್ ತ್ರಾಸ್ ಯಾಕ ಮಾಡ್ಕೋತೀರಿ? ಭುಜದ ತನಕ ಕಟ್ ಮಾಡಿಬಿಡ್ತೀನಿ. ಹತ್ತ ವರ್ಷ ಸಣ್ಣಾವ್ರ ಕಾಣ್ತೀರಿ."

"ಹತ್ತ ವರ್ಷ ಸಣ್ಣಾಕಿ ಆಗಿ ನಾ ಏನ್ ಮಾಡ್ಲೆವ್ವಾ? ಮತ್ತ ಹತ್ತ ವರ್ಷ ನೌಕರಿ ಮಾಡಬೇಕಾಗ್ತದ."

ಹೀಗೆ ಉತ್ತರಿಸಿ ಮೇಲೆ ಬಂದವರೇ ಸ್ಕಾರ್ಫು ಬಿಚ್ಚಿ, ಕೂದಲನ್ನು ಎಡಗೈಯಲ್ಲಿ ಮುಂದಕ್ಕೆ ತಂದು ನೋಡಿದರು. ಐವತ್ತೇಳು ವರ್ಷದ ತಲೆಯ ಕೂದಲು, ಅದರಲ್ಲಿ ಮೂವತ್ತು ವರ್ಷದ ಎಣ್ಣೆ ವೈನಿಯ ಕೈಯದು. ಅಂದೇ ಅವರು ಕನ್ನಡಿಯ ಮುಂದೆ ಪ್ರತಿಜ್ಞೆ ಮಾಡಿದರು: ದೀಪಾವಳಿಯ ಎಣ್ಣೆಸ್ನಾನದ ಹೊತ್ತಿಗೆ ಬಲಗೈ ತುರುಬಿನ ಜಾಗ ಮುಟ್ಟಬೇಕು. ಮುಟ್ಟದಿದ್ದರೆ ರೇಣುವಿನ ಕತ್ತರಿ. ಕಿವಿಯಿಂದ ತುರುಬಿಗೆ ಅಳೆದು ನೋಡಿದರೆ ಒಂದೇ ಗೇಣು. ಒಂದು ಗೇಣು ಗೆಲ್ಲಲು ನಾಲ್ಕು ತಿಂಗಳಿತ್ತು.

ಮದುವೆಗಾಗಿ ಆಗದ ಸ್ವಯಂವರ ವ್ಯಾಯಾಮಕ್ಕಾಗಿ ನಡೆಯಿತು.

ಮೊದಲ ವರ, ಸೊಸೈಟಿಯ ಉದ್ಯಾನದಲ್ಲಿ ಬೆಳಿಗ್ಗೆ ಆರಕ್ಕೆ ಇಪ್ಪತ್ತು ಮುದುಕರನ್ನು ಸಾಲಾಗಿ ನಿಲ್ಲಿಸಿ ಕೈ ಬೀಸಿಸುತ್ತಿದ್ದ ಬಾಗಲಕೋಟೆಯ ಶ್ಯಾಮರಾಯರ ಪದ್ಧತಿ. ಗಾಳಿಯಂತ್ರದಂತೆ ಎರಡೂ ಕೈ ತಿರುಗಿಸುವುದು, ಮುಂದಕ್ಕೆ ನೂರು, ಹಿಂದಕ್ಕೆ ನೂರು.

"ರಾಯರ, ನೂಸಲಿಕ್ಕೆ ಹತ್ತಿತ್ರಿ."

"ನೂಸಬೇಕ್ರಿ ಭಾಮಾಬಾಯಿ! ನೋವು ಅಂದ್ರ ಒಳಗಿನ ತುಕ್ಕು ಹೊರಗ ಹೊಂಟದ ಅಂತ. ತಿರಗಸ್ರಿ, ತಿರಗಸ್ರಿ!"

ಹನ್ನೊಂದು ಸುತ್ತು ತಿರುಗಿಸಿದರು. ಹನ್ನೆರಡನೆಯದಕ್ಕೆ ಬೆಳಗಿನ ಆಕಾಶದಲ್ಲಿ ನಕ್ಷತ್ರಗಳು ಕಂಡವು. ಮೂರು ದಿನ ಆ ಮಗ್ಗುಲಿಗೆ ಮಲಗಲಾಗಲಿಲ್ಲ. ತುಕ್ಕು ಎಲ್ಲಿಗೂ ಹೋಗಿರಲಿಲ್ಲ.

ಎರಡನೆಯ ವರ ಮೊಬೈಲಿನಲ್ಲಿದ್ದ. ಅವನ ಒಂದೊಂದು ತೋಳೂ ಭಾಮಾಬಾಯಿಯ ಸೊಂಟದಷ್ಟಿತ್ತು. ಏಳೇ ದಿನದಲ್ಲಿ ಭುಜ ಬಿಡಿಸುತ್ತೇನೆ ಎಂದು ಘೋಷಿಸಿ, ಮೇಲಿನ ಕಬ್ಬಿಣದ ಸರಳಿಗೆ ಬಾವಲಿಯಂತೆ ಜೋತುಬಿದ್ದು, ನೀವೂ ಬನ್ನಿ ಎಂದು ಕರೆದ. ಭುಜ ನೋಡಿಯೇ ಹೆದರಿತು. ಮೂರನೆಯ ವರ ಹಡಪಸರದಲ್ಲಿ ಮೂಳೆ ಸರಿಮಾಡುತ್ತಿದ್ದ ಒಬ್ಬ ಪೈಲವಾನ. ಶಾಲೆಯ ಮಾಧುರಿ ಟೀಚರ್ ಹೇಳಿದ್ದರು: ಟಕ್ ಅನ್ನಿಸುತ್ತಾನೆ, ಮುಗಿಯಿತು. ಭಾಮಾಬಾಯಿ ಎರಡು ಬಸ್ಸು ಬದಲಿಸಿ ಹೋಗಿ, ಸಾಲಿನಲ್ಲಿ ಕುಳಿತು, ತಮ್ಮ ಮುಂದಿನವನ ಸರದಿ ಬಂದು, ಪರದೆಯಾಚೆ ಟಕ್ ಎಂದದ್ದನ್ನೂ ಅದಾದ ಮೇಲೆ ಆ ಮನುಷ್ಯ ತನ್ನ ಸತ್ತ ತಾಯಿಯನ್ನು ಕೂಗಿ ಕರೆದದ್ದನ್ನೂ ಕೇಳಿಸಿಕೊಂಡು, ಒಲೆಯ ಮೇಲೆ ಹಾಲಿಟ್ಟು ಬಂದೆ ಎಂದು ಪಕ್ಕದವರಿಗೆ ಹೇಳಿ ಎದ್ದು ಬಂದರು. ಹಾಲು ಇಟ್ಟಿರಲಿಲ್ಲ.

ಕೊನೆಗೆ ಹಾರ ಬಿದ್ದದ್ದು ಅತಿ ನೀರಸ ವರನ ಕೊರಳಿಗೆ. ಮನೆಯ ಹಿಂದಿನ ಗಲ್ಲಿಯಲ್ಲಿ, ಸ್ಟೇಷನರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ, ಮುಕ್ತಾ ಎಂಬ ಮೂವತ್ತರ ಫಿಸಿಯೋಥೆರಪಿಸ್ಟ್ ಕೂರುತ್ತಿದ್ದಳು. ಮರಾಠಿಯಲ್ಲಿ ಮಾತಾಡುತ್ತ ಭಾಮಾಬಾಯಿಯ ಕೈಯನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಿದಳು. ನೋವು ಮಾತ್ರ ಮರಾಠಿ ಕಲಿತಿರಲಿಲ್ಲ.

"ಅಯ್ಯಯ್ಯ, ಸತ್ತೆನವ್ವಾ!"

ಮುಕ್ತಾ ಕೈಬಿಟ್ಟು ನಕ್ಕಳು. "ಅಯ್ಯ, ಕನ್ನಡದವ್ರೇನ್ರಿ ಮಾವಶಿ? ಮೊದಲ ಹೇಳಬಾರದೇನ್ರಿ? ನಾ ಬೆಳಗಾಂವಾಕಿ."

ಅನಂತರ ಅವಳು ಹೇಳಿದ ವ್ಯಾಯಾಮಗಳಲ್ಲಿ ಪರಾಕ್ರಮಕ್ಕೆ ಎಡೆಯೇ ಇರಲಿಲ್ಲ. ಮೊದಲು ಹತ್ತು ನಿಮಿಷ ಬಿಸಿನೀರಿನ ಚೀಲ. ಆಮೇಲೆ ಎಡಗೈಯನ್ನು ಮೇಜಿಗೆ ಊರಿ ಬಾಗಿ, ಬಲಗೈಯನ್ನು ಆನೆಯ ಸೊಂಡಿಲಿನ ಹಾಗೆ ಜೋಲುಬಿಟ್ಟು ಸಣ್ಣ ಸುತ್ತು. ಗೋಡೆಯ ಮೇಲೆ ಎರಡು ಬೆರಳಿನ ನಡಿಗೆ. ಬೆನ್ನ ಹಿಂದೆ ಟವೆಲ್ಲು. ಕೈಯನ್ನು ಎದೆಯ ಅಡ್ಡಕ್ಕೆ ತಂದು ಹಿಡಿಯುವುದು. ಒಂದೊಂದೂ ಹತ್ತು ಸಲ, ದಿನಕ್ಕೆ ಎರಡು ಹೊತ್ತು.

"ಇಷ್ಟೇನ?" ಎಂದರು ಭಾಮಾಬಾಯಿ, ಮೋಸಹೋದವರಂತೆ.

"ಇಷ್ಟ. ಜಗ್ಗಿದಂಗ ಆಗಬೇಕು, ಹರಿದಂಗ ಆಗಬಾರದು. ಮುಗಿಸಿದ ಅರ್ಧ ತಾಸಿನ ಮ್ಯಾಲೂ ನೂಸಾಕತ್ತಿತಂದ್ರ ಹೆಚ್ಚಾತು ಅಂತ ತಿಳ್ಕೊಂಡು ಮರುದಿನ ಕಡಿಮಿ ಮಾಡ್ರಿ. ಝಟಕಾ ಕೊಡಬ್ಯಾಡ್ರಿ. ಮತ್ತ ಐದನೇದು ಒಂದ ಅದ, ಅದಕ್ಕ ಇನ್ನೊಬ್ಬರ ಕೈ ಬೇಕು. ನೀವು ಅಂಗಾತ ಮಲಗಬೇಕು, ಅವರು ಮೊಣಕೈ ಹಿಡದು ಹಗೂರ ಮ್ಯಾಲೆ ಎತ್ತಬೇಕು. ಮನ್ಯಾಗ ಯಾರ್ ಇರ್ತಾರ್ರಿ?"

ಬೆಂಚಿನ ಮೇಲೆ ನಾಲ್ಕು ಜನ ಕಾಯುತ್ತಿದ್ದರು. ಅವರಲ್ಲಿ ಒಬ್ಬ ಗಂಡಸು ಪತ್ರಿಕೆಯಿಂದ ತಲೆ ಎತ್ತಿದ. ಭಾಮಾಬಾಯಿಯ ಬಾಯಿ, ಬಾಗಿಲನ್ನು ಮೂರು ಬೆರಳಿನಷ್ಟು ತೆರೆಯುವ ಅಭ್ಯಾಸದಲ್ಲಿ, ತಾನಾಗಿಯೇ ಹೇಳಿತು:

"ನಮ್ಮ ವೈನಿ ಇದ್ದಾರಲ್ಲ."

"ಭೇಷ್ ಆತು. ಅವರ ಹೆಸರು?"

"ವರದಾ."

ಮುಕ್ತಾ ಕಾಗದದಲ್ಲಿ ಐದನೆಯ ವ್ಯಾಯಾಮದ ಮುಂದೆ ಬರೆದುಕೊಂಡಳು: ವರದಾ ವೈನಿ ಮಾಡಿಸುವುದು. ಮುಂದಿನ ಸಲ ಕರೆದುಕೊಂಡು ಬನ್ನಿ, ಹಿಡಿಯುವ ರೀತಿ ತೋರಿಸುತ್ತೇನೆ, ಅಲ್ಲಿಯವರೆಗೆ ಐದನೆಯದು ಬೇಡ ಎಂದಳು. ಭಾಮಾಬಾಯಿ ಕಾಗದ ಮಡಚಿ ಪರ್ಸಿಗೆ ಹಾಕಿಕೊಂಡರು. ನಾಲ್ಕು ವರ್ಷದ ನಂತರ ವೈನಿಗೆ ಮೊದಲ ಸಲ ಒಂದು ಕೆಲಸ ಸಿಕ್ಕಿತ್ತು.

ದಂಡಯಾತ್ರೆ ಆರಂಭವಾಯಿತು. ನಡುಮನೆಯ ಗೋಡೆಯೇ ರಣರಂಗ. ತೋರುಬೆರಳು, ನಡುಬೆರಳು ಎಂಬ ಇಬ್ಬರು ಸೈನಿಕರು ದಿನಕ್ಕೆರಡು ಸಲ ಸುಣ್ಣದ ಗೋಡೆಯನ್ನು ಹತ್ತಿ, ಇನ್ನು ಆಗದು ಎನಿಸಿದಲ್ಲಿ ನಿಂತು, ಹತ್ತು ಎಣಿಸಿ ಇಳಿಯುತ್ತಿದ್ದರು. ಮುಟ್ಟಿದ ಎತ್ತರಕ್ಕೆ ಎಡಗೈ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆಯುತ್ತಿತ್ತು. ಅದೇ ಗೋಡೆಯಲ್ಲಿ ವಾಸವಿದ್ದ ಒಂದು ಹಲ್ಲಿ, ಯಾವ ಫಿಸಿಯೋಥೆರಪಿಯೂ ಇಲ್ಲದೆ, ಸರಸರ ಹತ್ತಿ ಟ್ಯೂಬ್‌ಲೈಟಿನ ಪಕ್ಕ ಕುಳಿತು ಈ ಸೇನೆಯ ವೇಗವನ್ನು ನೋಡುತ್ತಿತ್ತು.

"ನೋಡ್ತೀಯೇನು? ನಿನಗೂ ಐವತ್ತೇಳು ಆಗ್ಲಿ, ತಡಿ," ಎಂದರು ಭಾಮಾಬಾಯಿ.

ಆ ಮನೆಯಲ್ಲಿ ಅವತ್ತು ಆಡಿದ ಮಾತು ಅದೊಂದೇ.

ಮೂರು ವಾರದಲ್ಲಿ ಒಂಬತ್ತು ಗೆರೆಗಳಾದವು. ಬಲಗೈ ಕಿವಿಯ ತುದಿಯನ್ನು ದಾಟಿ ಎರಡು ಬೆರಳು ಮುಂದೆ ಹೋಗಿತ್ತು. ಅಷ್ಟರಲ್ಲಿ ಮುಕ್ತಾ ಎರಡು ಸಲ ವೈನಿಯನ್ನು ಕೇಳಿದ್ದಳು. ಒಂದು ಸಲ ವೈನಿಗೆ ಮೊಣಕಾಲು ನೋವಾಗಿತ್ತು, ಇನ್ನೊಂದು ಸಲ ಅವರು ಕಾತ್ರಜದಲ್ಲಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿದ್ದರು. ಬದುಕಿದ್ದಾಗ ಮನೆ ಬಿಟ್ಟು ಕದಲದ ಹೆಂಗಸು ಈಗ ಭಾರಿ ತಿರುಗಾಟದಲ್ಲಿದ್ದರು. ಪಾಪ, ಹಿಡಿಯುವ ರೀತಿಯನ್ನು ಮುಕ್ತಾ ಭಾಮಾಬಾಯಿಗೇ ತೋರಿಸಿ, ಊರಿಂದ ಬಂದ ಮೇಲೆ ಅವರಿಗೆ ಹೇಳಿಕೊಡಿ ಎಂದಿದ್ದಳು.

ಐದನೆಯ ವ್ಯಾಯಾಮ ಮಾಡದೆ ದೀಪಾವಳಿ ಗೆಲ್ಲಲಾಗದು ಎಂಬ ಯೋಚನೆ ಭಾಮಾಬಾಯಿಯ ತಲೆಗೆ ಹೊಕ್ಕಿತು. ಇನ್ನೊಬ್ಬರ ಕೈ ಬೇಕು. ಅವರು ಮನೆಯೆಲ್ಲ ಕಣ್ಣಾಡಿಸಿದರು. ಹಿಂಬದಿಯ ಬಾಲ್ಕನಿಯಲ್ಲಿ, ಪುಣೆಯ ಎಲ್ಲ ಫ್ಲ್ಯಾಟುಗಳಲ್ಲಿರುವಂತೆ, ಛಾವಣಿಗೆ ಬಟ್ಟೆ ಒಣಗಿಸುವ ಸರಳುಗಳು ತೂಗುತ್ತಿದ್ದವು. ಹಗ್ಗ ಎಳೆದರೆ ಸಣ್ಣ ರಾಟೆಯ ಮೇಲೆ ಹರಿದು ಸರಳು ಮೇಲೇರುತ್ತದೆ. ಹಗ್ಗದ ಕೊನೆಯನ್ನು ಗೋಡೆಯ ಕೊಕ್ಕೆಗೆ ಸುತ್ತಿದರೆ ಅಲ್ಲೇ ನಿಲ್ಲುತ್ತದೆ. ಒದ್ದೆ ಚಾದರವನ್ನು ಎತ್ತುವ ಹಗ್ಗ ಒಂದು ಕೈಯನ್ನು ಎತ್ತಲಾರದೆ? ಒಂದು ಸರಳನ್ನು ಬಿಚ್ಚಿ, ಅದರ ಜಾಗದಲ್ಲಿ ಹಳೆಯ ದುಪಟ್ಟಾದ ಕುಣಿಕೆ ಕಟ್ಟಿ, ಬಲ ಮಣಿಕಟ್ಟನ್ನು ಅದರಲ್ಲಿಟ್ಟು, ಎಡಗೈಯಿಂದ ಹಗ್ಗ ಎಳೆದರು. ಬಲಗೈ ಏರಿತು. ಇನ್ನೊಬ್ಬರು ಎತ್ತಿದ ಹಾಗೆಯೇ ಏರಿತು.

ಎರಡು ದಿನ ಸರಿಹೋಯಿತು. ಮೂರನೆಯ ದಿನ ಸಂಜೆ ಆರಕ್ಕೆ ಆಸೆ ಹೆಚ್ಚಿತು. ಎದುರಿನ ಮೈದಾನದಲ್ಲಿ ಗಣಪತಿ ಹಬ್ಬಕ್ಕಾಗಿ ಢೋಲ್ ತಂಡದ ತಾಲೀಮು ಶುರುವಾಗಿತ್ತು. ಅರವತ್ತು ಢೋಲುಗಳು ಒಟ್ಟಿಗೆ ಗುಡುಗುತ್ತಿದ್ದವು. ರಣಭೇರಿ ಮೊಳಗುವಾಗ ಯಾವ ಸೇನಾಪತಿ ತಾನೆ ಹತ್ತಕ್ಕೆ ನಿಲ್ಲಿಸುತ್ತಾನೆ? ಭಾಮಾಬಾಯಿ ಹಗ್ಗವನ್ನು ಇನ್ನೊಂದು ಮೊಳ ಎಳೆದು, ಒದ್ದೆ ಚಾದರಕ್ಕೆ ಸುತ್ತುವ ಹಾಗೆ ಕೊಕ್ಕೆಗೆ ಮೂರು ಸುತ್ತು ಸುತ್ತಿ, ಕೈ ಎಷ್ಟು ಎತ್ತರ ಹೋಯಿತೆಂದು ಕಿಟಕಿಯ ಗಾಜಿನಲ್ಲಿ ನೋಡಲು ಒಂದು ಹೆಜ್ಜೆ ಮುಂದಿಟ್ಟರು. ನೆಲದ ಮೇಲೆ ಸಾಬೂನಿನ ನೀರಿತ್ತು. ಕಾಲು ಜಾರಿತು, ಕೈ ಜಾರಲಿಲ್ಲ.

ದೇಹದ ಅರ್ಧ ಭಾರ ಆ ಭುಜದಲ್ಲಿ ಜೋತುಬಿದ್ದಿತು. ಹೇಗೋ ತುದಿಗಾಲಲ್ಲಿ ನಿಂತರು. ಕುಣಿಕೆ ಬಿಗಿದುಹೋಗಿತ್ತು, ಎಡಗೈಗೆ ಬಿಚ್ಚಲಾಗಲಿಲ್ಲ. ಕೊಕ್ಕೆ ಒಂದು ಗೇಣು ದೂರದಲ್ಲಿತ್ತು. ಭಾಮಾಬಾಯಿ ಬಾಯಿ ತೆರೆದು, ಇಡೀ ಕಟ್ಟಡದಲ್ಲಿ ನೂರಹನ್ನೆರಡು ಜನರಿರುವಾಗ, ಇಲ್ಲದ ಒಬ್ಬರನ್ನೇ ಕರೆದರು.

"ವೈನೀ!"

ಢೋಲುಗಳ ಅಬ್ಬರದಲ್ಲಿ ಆ ಕೂಗು ಅಡುಗೆಮನೆಯವರೆಗೂ ಹೋಗಲಿಲ್ಲ. ಹೋಗಿದ್ದರೂ ಅಲ್ಲಿ ಒಂದು ತಟ್ಟೆ, ಒಂದು ಲೋಟ ಮಗುಚಿಟ್ಟಿದ್ದವು, ಅಷ್ಟೆ. ಅವರು ಇನ್ನೊಮ್ಮೆ ಕರೆಯಲಿಲ್ಲ. ಮೂಲೆಯಲ್ಲಿದ್ದ ಬಕೆಟ್ಟನ್ನು ಕಾಲಿನ ಹೆಬ್ಬೆರಳಿನಿಂದ ಇಂಚಿಂಚಾಗಿ ಎಳೆದು, ಒದ್ದು ಮಗುಚಿ, ಅದರ ಮೇಲೆ ಹತ್ತಿ ನಿಂತು, ಹಗ್ಗ ಸಡಿಲವಾದ ಮೇಲೆ ಹಲ್ಲಿನಿಂದ ಕುಣಿಕೆ ಬಿಡಿಸಿಕೊಂಡರು. ಇಷ್ಟಕ್ಕೆಲ್ಲ ಎಂಟು ನಿಮಿಷ ಹಿಡಿಯಿತು. ಆಮೇಲೆ ಬಕೆಟ್ಟಿನ ಮೇಲೆಯೇ ಕುಳಿತುಕೊಂಡರು. ಢೋಲಿನವರು ನೀರು ಕುಡಿಯಲು ನಿಲ್ಲಿಸಿದಾಗ ಊರು ಎಷ್ಟು ನಿಶ್ಶಬ್ದವಾಗಿತ್ತೆಂದರೆ ನಲ್ಲಿಯ ಹನಿ ಕೇಳಿಸುತ್ತಿತ್ತು.

ಮರುದಿನ ಸೈನಿಕರಿಬ್ಬರೂ ಗೋಡೆ ಹತ್ತಿ ಎರಡನೆಯ ಗೆರೆಗೇ ಶರಣಾದರು. ಏಳು ಗೆರೆಗಳ ರಾಜ್ಯ ಒಂದು ಸಂಜೆಯಲ್ಲಿ ಕೈತಪ್ಪಿತ್ತು.

ಮುಕ್ತಾ ಕೈ ಮುಟ್ಟಿ ನೋಡಿದವಳೇ ಹುಬ್ಬು ಗಂಟಿಕ್ಕಿದಳು. ಡಾಕ್ಟರಿಗೆ ಒಮ್ಮೆ ತೋರಿಸಿ ಬನ್ನಿ ಎಂದು ಕಳಿಸಿದಳು. ಒಳಗೆ ಏನೂ ಹರಿದಿಲ್ಲ, ಊದಿಕೊಂಡಿದೆ ಎಂಬ ಚೀಟಿ ಬಂದ ಮೇಲೆ ಅವಳ ಸಿಟ್ಟಿಗೆ ದಾರಿ ಸಿಕ್ಕಿತು.

"ಯಾರು ಜಗ್ಗಿದ್ರು ಇದನ್ನ? ವೈನಿ ಏನು? ಹಿಂಗ ಯಾರರ ಮಾಡಸ್ತಾರೇನ್ರಿ? ದನದ ಕಾಲ ಹಿಡದಂಗ ಹಿಡದಾರ!"

"ಇಲ್ಲ, ಹಂಗೇನಿಲ್ಲ..."

"ಏನ್ ಇಲ್ರಿ ಮಾವಶಿ, ಅವ್ರನ್ನ ಉಳಸಬ್ಯಾಡ್ರಿ. ಕೈಯಾಗ ಒಂಚೂರು ನಾಜೂಕತನ ಇಲ್ಲ ಅವ್ರಿಗೆ. ನಾಳೆ ಕರಕೊಂಡು ಬರ್ರಿ, ನಾನ ಬೈತೀನಿ."

ಭಾಮಾಬಾಯಿ ಇಲ್ಲಿಯವರೆಗೆ ವೈನಿಯ ಹೆಸರಿನಲ್ಲಿ ಗ್ಯಾಸಿನವನನ್ನು ಗದರಿದ್ದರು, ಫಿಲ್ಟರಿನವನನ್ನು ಓಡಿಸಿದ್ದರು, ಸತ್ತವರಿಗೆ ಮೊಣಕಾಲು ನೋವು ತರಿಸಿದ್ದರು, ಒಂದಿಷ್ಟೂ ನಾಚಿರಲಿಲ್ಲ. ಆದರೆ ಆ ಎರಡು ಬೆರಳನ್ನು ಯಾರೋ ಒರಟು ಎಂದದ್ದು ಅವರಿಗೆ ತಡೆಯಲಾಗಲಿಲ್ಲ.

"ಅಕಿಗೆ ಬೈಬ್ಯಾಡವ್ವಾ," ಎಂದರು. "ಅಕಿ ಕೈ ಭಾಳ ಹಗೂರ ಇತ್ತು. ತಲೀಗೆ ಎಣ್ಣಿ ಹಚ್ಚಿದ್ರ ನಿದ್ದಿ ಬರ್ತಿತ್ತು. ಪಿನ್ನು ಜಗ್ಗಿದ್ದು ಸುದ್ದಾ ಗೊತ್ತಾಗ್ತಿದ್ದಿಲ್ಲ."

"ಇತ್ತು ಅಂದ್ರ?"

"ಹೋಗಿ ನಾಕ್ ವರ್ಷ ಆತು."

ಬೆಂಚಿನ ಮೇಲೆ ಅವತ್ತೂ ಮೂವರು ಕುಳಿತಿದ್ದರು. ಕನ್ನಡ ಅವರಿಗೆ ತಿಳಿಯುತ್ತಿರಲಿಲ್ಲ. ತಿಳಿದಿದ್ದರೂ ಭಾಮಾಬಾಯಿ ನಿಲ್ಲಿಸುತ್ತಿರಲಿಲ್ಲ. ಹಗ್ಗ, ಕೊಕ್ಕೆ, ಸಾಬೂನಿನ ನೀರು, ಬಕೆಟ್ಟು ಎಲ್ಲವನ್ನೂ ಹೇಳಿದರು. ಬಕೆಟ್ಟಿನ ಭಾಗಕ್ಕೆ ಬಂದಾಗ ಮುಕ್ತಾಳಿಗೆ ನಗು ತಡೆಯಲಾಗಲಿಲ್ಲ, ಕಣ್ಣೊರೆಸಿಕೊಂಡಳು. ಒರೆಸಿಕೊಂಡದ್ದು ಪೂರ್ತಿ ನಗುವಿಗೇ ಆಗಿರಲಿಲ್ಲ.

"ಒಬ್ಬಾಕೀನ ಇರ್ತೀನಿ ಅಂತ ಮೊದಲ ಹೇಳಿದ್ರ ಏನ್ ಆಗ್ತಿತ್ರಿ?"

"ಯಾರ ಮುಂದೂ ಹೇಳಿದ್ದಿಲ್ಲವ್ವಾ. ಹೇಳೂದು ಹೆಂಗ ಅನ್ನೂದ ಮರತಿತ್ತು."

ಮುಕ್ತಾ ಹಳೆಯ ಕಾಗದ ತೆಗೆದು ಐದನೆಯ ಸಾಲನ್ನು ಹೊಡೆದುಹಾಕಿದಳು. ಒಂದು ವಾರ ಸೊಂಡಿಲು ಆಡಿಸುವುದು ಬಿಟ್ಟು ಬೇರೇನೂ ಬೇಡ. ಆಮೇಲೆ, ಹಾಸಿಗೆಯಲ್ಲಿ ಅಂಗಾತ ಮಲಗಿ, ಎರಡೂ ಕೈಯಲ್ಲಿ ಒಂದು ಕೋಲು ಹಿಡಿದು, ಎಡಗೈ ಬಲಗೈಯನ್ನು ಎತ್ತಬೇಕು. ನೋವಾದರೆ ಎಡಗೈಗೆ ತಕ್ಷಣ ತಿಳಿಯುತ್ತದೆ, ಬಿಡುತ್ತದೆ. ಯಾರೂ ಬೇಡ, ಹಗ್ಗವಂತೂ ಬೇಡವೇ ಬೇಡ.

"ದೀಪಾವಳಿಗೆ ಆಗ್ತದೇನು?"

"ನಿಮ್ಮ ಭುಜಕ್ಕ ಪಂಚಾಂಗ ಓದಾಕ ಬರೂದಿಲ್ರಿ ಮಾವಶಿ. ವರ್ಷನೂ ಹಿಡೀಬಹುದು. ಅವಸರ ಮಾಡಿದ್ರ ಇನ್ನೂ ಒಂದ್ ವರ್ಷ."

ದೀಪಾವಳಿ ಬಂತು. ನರಕ ಚತುರ್ದಶಿಯ ಬೆಳಿಗ್ಗೆ ಭಾಮಾಬಾಯಿ ಬಿಸಿ ಮಾಡಿದ ಎಣ್ಣೆಯ ಬಟ್ಟಲನ್ನು ಮುಂದಿಟ್ಟುಕೊಂಡು ಮಣೆಯ ಮೇಲೆ ಕುಳಿತರು. ಎಡಗೈ ತಲೆಯ ಎಡಭಾಗಕ್ಕೆ, ನೆತ್ತಿಗೆ, ಸಾಧ್ಯವಾದಷ್ಟು ಹಿಂದಕ್ಕೆ ಎಣ್ಣೆ ಹಚ್ಚಿತು. ಬಲಗೈ ಕಿವಿಯವರೆಗೆ ಬಂದು ಕೈಮುಗಿಯಿತು. ಬಲಗಡೆಯ ಹಿಂಭಾಗ ಒಂದು ಅಂಗೈಯಷ್ಟು ಒಣಗಿಯೇ ಉಳಿಯಿತು. ಪ್ರತಿಜ್ಞೆಯ ಪ್ರಕಾರ ಆ ಮಧ್ಯಾಹ್ನ ರೇಣುವಿನ ಕತ್ತರಿಗೆ ತಲೆಯೊಡ್ಡಬೇಕಿತ್ತು. ಪಾರ್ಲರಿನ ಬಾಗಿಲವರೆಗೂ ಇಳಿದುಹೋದರು. ಒಳಗೆ ಹಬ್ಬದ ಗದ್ದಲ. ತಾಯಿ, ಮಗಳು, ಸೊಸೆಯರು ಒಬ್ಬರ ಕೂದಲನ್ನು ಒಬ್ಬರು ಹಿಡಿದು ತೋರಿಸುತ್ತ, ಇಷ್ಟು ಕತ್ತರಿಸು, ಅಷ್ಟು ಬೇಡ ಎಂದು ಗಲಾಟೆ ಮಾಡುತ್ತಿದ್ದರು. ಭಾಮಾಬಾಯಿ ಐದು ನಿಮಿಷ ಗಾಜಿನಾಚೆ ನಿಂತು ನೋಡಿ, ಒಂದು ಡಬ್ಬಿ ಚಕ್ಕುಲಿಯನ್ನು ರೇಣುವಿನ ಕೈಗಿತ್ತು, ಹಬ್ಬದ ಶುಭಾಶಯ ಹೇಳಿ ಮೇಲೆ ಬಂದರು. ಹೆಡ್ ಕ್ಲರ್ಕ್ ತನ್ನದೇ ಪ್ರತಿಜ್ಞೆಯನ್ನು ಫೈಲಿಗೆ ಹಾಕಿದ್ದರು.

ಆಮೇಲಿನ ಯುದ್ಧದಲ್ಲಿ ಬಣ್ಣಿಸಲು ಏನೂ ಇಲ್ಲ. ಬಿಸಿನೀರಿನ ಚೀಲ, ಹತ್ತು ಸಲ, ಕೋಲು, ಹತ್ತು ಸಲ. ಸಂಕ್ರಾಂತಿಗೆ ಆರನೆಯ ಗೆರೆ. ಹೋಳಿ ಹುಣ್ಣಿಮೆಗೆ ಹನ್ನೊಂದನೆಯದು. ಹಲ್ಲಿ ಸಂಸಾರ ಕಟ್ಟಿಕೊಂಡು ಅಡುಗೆಮನೆಗೆ ಹೋಯಿತು. ಏಪ್ರಿಲ್ ಕೊನೆಯಲ್ಲಿ ಶಾಲೆಯವರು ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಭಾಷಣ ಮಾಡಿ ಅವರನ್ನು ನಿವೃತ್ತಿಗೊಳಿಸಿದರು. ಶಾಲನ್ನು ಬಲಹೆಗಲ ಮೇಲೆ ಸರಿಪಡಿಸಿಕೊಳ್ಳುವಾಗ ನೋವಾಗಲಿಲ್ಲ ಎಂಬುದನ್ನು ಭಾಮಾಬಾಯಿ ಬಿಟ್ಟರೆ ಯಾರೂ ಗಮನಿಸಲಿಲ್ಲ.

ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಎಲ್ಲೂ ಹೋಗುವುದಿಲ್ಲದ ದಿನ, ಬಲಗೈ ಕಿವಿಯನ್ನು ದಾಟಿ, ಆ ಒಂದು ಗೇಣನ್ನು ಮೆಲ್ಲಗೆ ಕ್ರಮಿಸಿ, ಕತ್ತಿನ ಹಿಂದೆ ಕಾದಿದ್ದ ಎಡಗೈಯನ್ನು ಮುಟ್ಟಿತು. ಹನ್ನೊಂದು ತಿಂಗಳ ಮೇಲೆ ಭೇಟಿಯಾದ ಇಬ್ಬರಿಗೂ ಕೆಲಸ ಮರೆತಂತಾಗಿತ್ತು. ಮೂರು ಸುತ್ತಿನ ಬದಲು ಎರಡೂವರೆ ಆಯಿತು. ಐದನೆಯ ಪಿನ್ನು ಕೆಳಗೆ ಬಿತ್ತು. ಭಾಮಾಬಾಯಿ ಎರಡು ಕನ್ನಡಿಗಳ ನಡುವೆ ನಿಂತು ನೋಡಿದರು. ತುರುಬು ಕಿರೀಟದಂತೆ ಕುಳಿತಿತ್ತು, ಸ್ಪಷ್ಟವಾಗಿ ಎಡಕ್ಕೆ ವಾಲಿಕೊಂಡು.

ಅಡುಗೆಮನೆಯ ಕಡೆ ತಿರುಗಿದರು. ತೀರ್ಪು ಬರಲಿಲ್ಲ. ಕೈಯನ್ನು ಇನ್ನೊಮ್ಮೆ ಎತ್ತಿ ಸರಿಪಡಿಸಬಹುದಿತ್ತು. ಆದರೆ ಜಗ್ಗಿದಂತಾಗಬೇಕು, ಹರಿದಂತಾಗಬಾರದು ಎಂದು ಮುಕ್ತಾ ಹೇಳಿದ್ದಳು, ಇವತ್ತಿಗೆ ಸಾಕಾಗುವಷ್ಟು ಜಗ್ಗಿಯಾಗಿತ್ತು.

ಹಾಗೆಯೇ ಸೊಟ್ಟ ತುರುಬಿನಲ್ಲಿ, ಸ್ಕಾರ್ಫಿಲ್ಲದೆ, ಬಾಗಿಲು ತೆರೆದು ಹೊರಗೆ ಬಂದರು. ಭಾನುವಾರವಲ್ಲವೆ, ವೈನಿಯ ಚಪ್ಪಲಿ ತಿರುಗಿಸಬೇಕಿತ್ತು. ಬಾಗಿ, ಆ ಕೆಲಸಕ್ಕೂ ಬಲಗೈಯನ್ನೇ ಕಳಿಸಿದರು. ಮೆಟ್ಟಿಲ ಕಡೆ ಮುಖ ಮಾಡಿದ್ದ ಚಪ್ಪಲಿಯನ್ನು ಬಾಗಿಲ ಕಡೆ ತಿರುಗಿಸಿ, ಈಗಷ್ಟೇ ಯಾರೋ ಒಳಗೆ ಬಂದಿದ್ದಾರೆ ಎನ್ನುವ ಹಾಗೆ ಒಂದನ್ನು ಇನ್ನೊಂದರ ಮೇಲೆ ಸ್ವಲ್ಪ ಏರಿಸಿಟ್ಟು, ಭಾಮಾಬಾಯಿ ಒಳಗೆ ಹೋಗಿ ಚಹಾಕ್ಕಿಟ್ಟರು.